ಉದ್ದ ಕುತ್ತಿಗೆಯ ದೈತ್ಯ ಡೈನೋಸಾರ್‌ಗಳ ಗಾತ್ರ ಹೋಲಿಸುವುದು ಹೇಗೆ: ಟೇಪು, ಬಕೆಟ್ಟು, ರಂಗೋಲಿ ಪುಡಿ ಇದ್ದರೆ ಸಾಕು

ಬರ್ಲಿನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಒಂದು ಅಸ್ಥಿಪಂಜರ ನಿಂತಿದೆ. ಹೆಸರು ಜಿರಾಫಟೈಟನ್. ಎತ್ತರ 13.27 ಮೀಟರ್. ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರಗಳಲ್ಲಿ ಜಗತ್ತಿಗೇ ಎತ್ತರದ್ದು. ಶ್ರವಣಬೆಳಗೊಳದ ಗೊಮ್ಮಟನ ಪಕ್ಕ ನಿಲ್ಲಿಸಿದರೆ ಇದರ ತಲೆ ಅವನ ಎದೆಯ ಮಟ್ಟಕ್ಕೆ ಬರುತ್ತದೆ.

ಬದುಕಿದ್ದಾಗ ಇದು ಎಷ್ಟು ತೂಗುತ್ತಿತ್ತು? 1962ರಲ್ಲಿ ಎಡ್ವಿನ್ ಕೋಲ್ಬರ್ಟ್ 78 ಟನ್ ಎಂದರು. 1995ರಲ್ಲಿ ಜರ್ಮನಿಯ ಒಂದು ತಂಡ 74 ಟನ್ ಎಂದಿತು. ಗುಂಗಾ ಎಂಬ ವಿಜ್ಞಾನಿ ಮುಂದಿದ್ದ ಆ ತಂಡವೇ 2008ರಲ್ಲಿ ಅದನ್ನು 38 ಟನ್‌ಗೆ ಇಳಿಸಿತು. ಮರು ವರ್ಷ ಮೈಕ್ ಟೇಲರ್ 23 ಟನ್ ಎಂದರು. ಮೂಳೆಗಳು ಅವೇ. ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ತೂಕ ಮಾತ್ರ ಮೂರು ಪಟ್ಟು ಆಚೀಚೆ.

ಹಾಗಿರುವಾಗ "ಅತಿ ದೊಡ್ಡ ಡೈನೋಸಾರ್ ಯಾವುದು?" ಎಂದು ಹುಡುಕಿ, ಸಿಕ್ಕ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಟ್ಟರೆ ಆ ಹೋಲಿಕೆಗೆ ಬೆಲೆ ಇಲ್ಲ. ಸಂಖ್ಯೆ ಯಾವ ಮೂಳೆಯಿಂದ ಬಂತು, ಯಾವ ಲೆಕ್ಕದಿಂದ ಬಂತು ಅಂತ ಮೊದಲು ನೋಡಬೇಕು. ಆಮೇಲೆ ಪ್ರಾಣಿಗಳನ್ನು ಹೋಲಿಸಬೇಕು. ಅದನ್ನು ಮನೆಯಲ್ಲೇ, ಮಕ್ಕಳ ಜೊತೆ ಕೂತು ಮಾಡುವುದು ಹೇಗೆ ಎಂದು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ನಾನು ನಮ್ಮ ಅಕ್ಕನ ಮಕ್ಕಳ ಜೊತೆ ಎರಡು ಬೇಸಿಗೆ ರಜೆ ಇದನ್ನೇ ಮಾಡಿದ್ದೇನೆ.

ಏನೇನು ಬೇಕು

ಉದ್ದದ ಟೇಪು, 30 ಮೀಟರಿನದಾದರೆ ಒಳ್ಳೆಯದು. ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ಇರುತ್ತದೆ. ಅದಿಲ್ಲದಿದ್ದರೆ ಮೀಟರಿಗೊಂದು ಗಂಟು ಹಾಕಿದ ಹಗ್ಗವಾದರೂ ಆಗುತ್ತದೆ. ಎರಡು ಕೆ.ಜಿ. ರಂಗೋಲಿ ಪುಡಿ. ಒಂದು ಬಕೆಟ್, ಅದಕ್ಕಿಂತ ಅಗಲವಾದ ಟಬ್, ಅಳತೆಯ ಲೋಟ. ಉದ್ದ ಕುತ್ತಿಗೆಯ ಡೈನೋಸಾರ್ ಆಟಿಕೆ. ಫೋನಿನ ಕ್ಯಾಲ್ಕುಲೇಟರ್. ಒಂದು ನೋಟ್‌ಬುಕ್.

ಈ ಗುಂಪಿನ ಡೈನೋಸಾರ್‌ಗಳಿಗೆ ಸಾರೋಪಾಡ್ ಎಂಬ ಹೆಸರು. ಅಮೆರಿಕದ ಓ. ಸಿ. ಮಾರ್ಷ್ 1878ರಲ್ಲಿ ಕೊಟ್ಟದ್ದು. ಬೆನ್ನುಮೂಳೆಯ ಒಂದೊಂದು ತುಂಡನ್ನು ಶಾಲೆಯ ಪುಸ್ತಕದಲ್ಲಿ ಕಶೇರುಮಣಿ ಎನ್ನುತ್ತಾರೆ. ನಾನು ಸುಮ್ನೆ ಮಣಿ ಎನ್ನುತ್ತೇನೆ.

ಹಂತ 1: "ದೊಡ್ಡದು" ಅಂದರೆ ಏನೆಂದು ಮೊದಲೇ ತೀರ್ಮಾನಿಸಿ

ಉದ್ದವೋ, ಎತ್ತರವೋ, ತೂಕವೋ? ನೋಟ್‌ಬುಕ್ಕಿನಲ್ಲಿ ಇವಕ್ಕೆ ಬೇರೆ ಬೇರೆ ಪುಟ ಇಡಿ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತದೆ.

ಇದಕ್ಕೆ ಡಿಪ್ಲೊಡೋಕಸ್ ಮತ್ತು ಜಿರಾಫಟೈಟನ್ ಜೋಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡೂ ಸುಮಾರು 15 ಕೋಟಿ ವರ್ಷಗಳ ಹಿಂದಿನವು. ಡಿಪ್ಲೊಡೋಕಸ್ ಅಮೆರಿಕದ್ದು. ಕೋಟ್ಯಧಿಪತಿ ಆಂಡ್ರ್ಯೂ ಕಾರ್ನೆಗಿ ಅದರ ಅಚ್ಚು ತೆಗೆಸಿ 1905ರಲ್ಲಿ ಲಂಡನ್ನಿಗೆ, ಆಮೇಲೆ ಪ್ಯಾರಿಸ್, ಬರ್ಲಿನ್, ವಿಯೆನ್ನಾಗಳಿಗೆ ಉಡುಗೊರೆ ಕಳಿಸಿದ್ದರಿಂದ ಲೋಕಕ್ಕೆಲ್ಲ ಪರಿಚಯವಾಯಿತು. ಅದರ ಉದ್ದ ಸುಮಾರು 26 ಮೀಟರ್. ಜಿರಾಫಟೈಟನ್ ಸುಮಾರು 22.5 ಮೀಟರ್. ಉದ್ದದಲ್ಲಿ ಡಿಪ್ಲೊಡೋಕಸ್ ಗೆದ್ದಿತು. ಆದರೆ ಆ ಉದ್ದದಲ್ಲಿ ಅರ್ಧಕ್ಕರ್ಧ ಬಾಲ. ಕೊನೆಕೊನೆಗೆ ಚಾವಟಿಯ ಹಾಗೆ ಸಣ್ಣಗಾಗುವ ಬಾಲ. ತೂಕ 12ರಿಂದ 15 ಟನ್ ಆಸುಪಾಸು. ಜಿರಾಫಟೈಟನ್‌ನದು ಗಿಡ್ಡ ಬಾಲ, ಎತ್ತರದ ಮುಂಗಾಲು, ಡ್ರಮ್ಮಿನಂಥ ಎದೆ. ಕಡಿಮೆ ಹಿಡಿದರೂ ತೂಕ ಅದರ ಒಂದೂವರೆ ಪಟ್ಟು, ಪ್ರಾಯಶಃ ಎರಡು ಪಟ್ಟು.

ಎತ್ತರದ ಪುಟದಲ್ಲಿ ಒಂದು ಎಚ್ಚರಿಕೆ ಬರೆದಿಡಿ. ಎತ್ತರ ಎನ್ನುವುದು ಪ್ರಾಣಿ ಕತ್ತನ್ನು ಹೇಗೆ ಹಿಡಿದಿತ್ತು ಎಂಬುದರ ಮೇಲೆ ನಿಂತಿದೆ. ಬರ್ಲಿನ್‌ನ ಅಸ್ಥಿಪಂಜರವನ್ನು 1937ರಲ್ಲಿ ಮೊದಲು ನಿಲ್ಲಿಸಿದಾಗ ಮುಂಗಾಲುಗಳನ್ನು ಮೊಣಕೈ ಹತ್ತಿರ ಹೊರಕ್ಕೆ ಬಾಗಿಸಿದ್ದರು. 2007ರಲ್ಲಿ ಕಾಲು ನೆಟ್ಟಗೆ ಮಾಡಿ, ಕತ್ತು ಮೇಲಕ್ಕೆತ್ತಿ ಮತ್ತೆ ಜೋಡಿಸಿದರು. ಪ್ರಾಣಿ ಎತ್ತರವಾಯಿತು! ಹಾಗಾಗಿ ಹೋಲಿಕೆಗೆ ತಲೆಯ ಎತ್ತರಕ್ಕಿಂತ ಭುಜದ ಎತ್ತರ ನಂಬಿಕೆಗೆ ಯೋಗ್ಯ.

ಕುತ್ತಿಗೆಗೂ ಒಂದು ಪುಟ ಇಡಿ, ಯಾಕೆಂದರೆ ಮಕ್ಕಳು ಕೇಳುವುದೇ ಅದನ್ನು. ಡಿಪ್ಲೊಡೋಕಸ್‌ಗೆ ಸುಮಾರು 6.5 ಮೀಟರ್, ಜಿರಾಫಟೈಟನ್‌ಗೆ 8.5. ಚೀನಾದ ಶಿಂಜಿಯಾಂಗ್‌ಟೈಟನ್‌ನ ಕುತ್ತಿಗೆಯ ಮಣಿಗಳೆಲ್ಲ ಸಿಕ್ಕಿವೆ. ಅದರ ಉದ್ದ 13 ಮೀಟರ್ ದಾಟುತ್ತದೆ. ಅದರ ನೆಂಟ ಮಾಮೆಂಚಿಸಾರಸ್ ಸಿನೋಕೆನಡೋರಮ್‌ನ ಕೆಲವೇ ಮಣಿಗಳು ಸಿಕ್ಕಿದ್ದವು. 2023ರಲ್ಲಿ ಅವನ್ನು ನೆಂಟರ ಮಣಿಗಳಿಗೆ ಹೋಲಿಸಿ 15.1 ಮೀಟರ್ ಎಂದು ಅಂದಾಜು ಮಾಡಿದರು. ನಮ್ಮ ದೊಡ್ಡ ಸಿಟಿ ಬಸ್ಸಿನ ಉದ್ದವೇ ಹೆಚ್ಚೆಂದರೆ 12 ಮೀಟರ್. ಬರೀ ಕುತ್ತಿಗೆ ಬಸ್ಸಿಗಿಂತ ಉದ್ದ!

ಹಂತ 2: ಎಷ್ಟು ಮೂಳೆ ಸಿಕ್ಕಿದೆ ಎಂದು ಕೇಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಆತುರ ಬೇಡ. ಪಟ್ಟಿಯಲ್ಲಿ ಯಾವ ಡೈನೋಸಾರ್ ಹೆಸರು ಕಂಡರೂ ಪಕ್ಕದಲ್ಲಿ ಒಂದು ಗುರುತು ಹಾಕಿ. ಅಸ್ಥಿಪಂಜರದ ಬಹುಪಾಲು ಸಿಕ್ಕಿದ್ದರೆ "ಪೂರ್ತಿ". ಮುಖ್ಯ ಭಾಗಗಳು ಸಿಕ್ಕಿದ್ದರೆ "ಅರ್ಧ". ಬೆರಳೆಣಿಕೆಯ ಮೂಳೆ ಆದರೆ "ತುಣುಕು".

ಅರ್ಜೆಂಟೀನಾದ ಡ್ರೆಡ್‌ನಾಟಸ್ "ಅರ್ಧ". ಕೆನೆತ್ ಲಕೋವಾರ 2005ರಲ್ಲಿ ಕಂಡು, 2014ರಲ್ಲಿ ಹೆಸರಿಟ್ಟರು. ಇಡೀ ಅಸ್ಥಿಪಂಜರದಲ್ಲಿ ನೂರಕ್ಕೆ ಸುಮಾರು 45 ಪಾಲು ಸಿಕ್ಕಿದೆ. ಎಡಗಡೆಯದು ಸಿಕ್ಕಿದ್ದರೆ ಬಲಗಡೆಯದನ್ನು ಕನ್ನಡಿ ಹಿಡಿದಂತೆ ಊಹಿಸಬಹುದಲ್ವಾ? ಹಾಗೆ ಲೆಕ್ಕ ಹಾಕಿದರೆ ತಲೆ ಬಿಟ್ಟು ಉಳಿದ ಮೂಳೆಗಳಲ್ಲಿ ನೂರಕ್ಕೆ 70 ಪಾಲು ಗೊತ್ತಿದ್ದ ಹಾಗೆ. ದೈತ್ಯರ ಗುಂಪಿನಲ್ಲಿ ಇದು ದೊಡ್ಡ ಭಾಗ್ಯ.

ಅದೇ ದೇಶದ ಅರ್ಜೆಂಟೀನೋಸಾರಸ್ "ತುಣುಕು". 1987ರಲ್ಲಿ ಒಬ್ಬ ರೈತ ತನ್ನ ಜಮೀನಿನಲ್ಲಿ ಕಲ್ಲಾದ ಮರದ ದಿಮ್ಮಿ ಇದೆ ಅಂದುಕೊಂಡ. ನೋಡಿದರೆ ಅದು ಕಾಲಿನ ಮೂಳೆ. ಬೆನ್ನಿನ ಕೆಲವು ಮಣಿಗಳು, ಸೊಂಟದ ಒಂದು ಭಾಗ, ಮೊಣಕಾಲಿನ ಕೆಳಗಿನ ಒಂದು ಮೂಳೆ, ಹೀಗೆ ಸ್ವಲ್ಪವೇ ಸಿಕ್ಕಿದೆ. ಕುತ್ತಿಗೆ ಸಿಕ್ಕಿಲ್ಲ, ಬಾಲ ಸಿಕ್ಕಿಲ್ಲ. ಆದರೆ ಸಿಕ್ಕಿದ ಒಂದು ಮಣಿಯ ಎತ್ತರವೇ 1.59 ಮೀಟರ್. ನೆಲದ ಮೇಲಿಟ್ಟರೆ ಹೈಸ್ಕೂಲ್ ಹುಡುಗಿಯಷ್ಟು ಎತ್ತರ. 30ರಿಂದ 35 ಮೀಟರ್ ಉದ್ದ, 65ರಿಂದ 80 ಟನ್ ತೂಕ ಎಂಬ ಮಾತುಗಳೆಲ್ಲ ನೆಂಟರ ಮೈಕಟ್ಟಿನಿಂದ ತಂದ ಅಂದಾಜು.

ಇನ್ನು ಮಾರಾಪುನಿಸಾರಸ್ ಕತೆ. ಇದನ್ನು ತಿಳಿದುಕೊಂಡರೆ ಅಂತರ್ಜಾಲದ ಅರ್ಧ ಪಟ್ಟಿಗಳ ಬಣ್ಣ ತಿಳಿಯುತ್ತದೆ. 1878ರಲ್ಲಿ ಎಡ್ವರ್ಡ್ ಕೋಪ್ ಎಂಬ ವಿಜ್ಞಾನಿ ಅಮೆರಿಕದ ಕೊಲರಾಡೋದಲ್ಲಿ ಸಿಕ್ಕ ಒಂದು ಮುರುಕು ಮಣಿಯ ಬಗ್ಗೆ ಬರೆದರು. ಮುರಿದಿದ್ದರೂ ಎತ್ತರ 1.5 ಮೀಟರ್. ಒಂದು ಚಿತ್ರವನ್ನೂ ಕೊಟ್ಟರು. ಮೂಳೆ ತುಂಬಾ ಪುಡಿಪುಡಿಯಾಗುವಂಥದ್ದು, ಆಮೇಲೆ ಕಳೆದೇ ಹೋಯಿತು. ಕೆನೆತ್ ಕಾರ್ಪೆಂಟರ್ 2006ರಲ್ಲಿ ಅದನ್ನು ಡಿಪ್ಲೊಡೋಕಸ್ ಮೈಕಟ್ಟಿಗೆ ಹೋಲಿಸಿ 58 ಮೀಟರ್ ಉದ್ದ ಎಂದರು. 2018ರಲ್ಲಿ ಅವರೇ ಚಿತ್ರವನ್ನು ಮತ್ತೆ ನೋಡಿದರು. ಇದು ಡಿಪ್ಲೊಡೋಕಸ್ ಕಡೆಯದಲ್ಲ, ಬೆನ್ನಿನ ಮಣಿಗಳೇ ಎತ್ತರವಾಗಿರುವ ಬೇರೆ ಕುಟುಂಬದ್ದು ಅಂತ ತಿಳಿಯಿತು. ಹೊಸ ಹೆಸರು ಕೊಟ್ಟರು. ಉದ್ದ 30ರಿಂದ 32 ಮೀಟರ್‌ಗೆ ಇಳಿಯಿತು. ಒಂದೇ ಮೂಳೆ, ಒಬ್ಬರೇ ವಿಜ್ಞಾನಿ. ನೆಂಟ ಯಾರು ಎಂಬುದು ಬದಲಾದ ಕೂಡಲೇ 26 ಮೀಟರ್ ಹೋಯಿತು. ಅಂದರೆ ಹೆಚ್ಚೂಕಡಿಮೆ ಒಂದು ಪೂರ್ತಿ ಡಿಪ್ಲೊಡೋಕಸ್! ಹಳೆಯ 58 ಮೀಟರ್ ಮಾತ್ರ ಇವತ್ತಿಗೂ ವಿಡಿಯೋಗಳಲ್ಲಿ ಓಡಾಡುತ್ತಿದೆ. ತಪ್ಪು ಒಪ್ಪಿ ತಾವೇ ತಿದ್ದಿಕೊಂಡ ಆ ಹಿರಿಯರ ಮೇಲೆ ನನಗೆ ಬಹಳ ಗೌರವ.

ಇದೇ ಸಾಲಿನಲ್ಲಿ ಸೈಸ್ಮೋಸಾರಸ್ ಇದೆ. 1991ರಲ್ಲಿ ಹೆಸರಿಟ್ಟಾಗ 52 ಮೀಟರ್‌ವರೆಗೂ ಹೇಳಿದ್ದರು. ಬಾಲದ ಮಣಿಗಳನ್ನು ಇರಬೇಕಾದ ಜಾಗಕ್ಕಿಂತ ಹಿಂದಕ್ಕೆ ಇಟ್ಟು ಲೆಕ್ಕ ಹಾಕಿದ್ದರಿಂದ ಆದ ತಪ್ಪು ಅದು. ಸರಿಪಡಿಸಿದ ಮೇಲೆ 33 ಮೀಟರ್ ಅಥವಾ ಇನ್ನೂ ಕಡಿಮೆ. ಈಗ ಅದನ್ನು ಡಿಪ್ಲೊಡೋಕಸ್‌ನ ಒಂದು ಜಾತಿ ಎಂದೇ ಎಣಿಸುತ್ತಾರೆ.

ಹಂತ 3: ಒಂದೇ ಮೂಳೆಗೆ ಅದೇ ಮೂಳೆ ಹೋಲಿಸಿ

ತೊಡೆಮೂಳೆಗೆ ತೊಡೆಮೂಳೆ, ತೋಳಿನ ಮೂಳೆಗೆ ತೋಳಿನ ಮೂಳೆ. ಇಲ್ಲಿ ಊಹೆಗೆ ಜಾಗ ಕಡಿಮೆ. ಟೇಪು ಹೇಳಿದ್ದೇ ಅಳತೆ.

ಅರ್ಜೆಂಟೀನಾದ ಇನ್ನೊಂದು ದೈತ್ಯ ಪಟಗೋಟೈಟನ್‌ನ ತೊಡೆಮೂಳೆ 2.38 ಮೀಟರ್. ಡ್ರೆಡ್‌ನಾಟಸ್‌ನದು 1.91. ನಮ್ಮ ದೇಶದ ಬಾರಾಪಾಸಾರಸ್‌ನದು 1.7. ರಂಗೋಲಿ ಪುಡಿಯಲ್ಲಿ ಮೂರು ಗೆರೆ ಪಕ್ಕಪಕ್ಕ ಎಳೆಯಿರಿ. 2.38ರ ಗೆರೆಯ ಮೇಲೆ ಎರಡನೇ ಕ್ಲಾಸಿನ ಇಬ್ಬರು ಮಕ್ಕಳನ್ನು, ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ಬರುವಂತೆ ಮಲಗಿಸಿ. ಸರಿಯಾಗಿ ಹೊಂದುತ್ತದೆ. ನಮ್ಮ ಅಂಗಳದಲ್ಲಿ ಹಾಗೆ ಮಲಗಿದ ಸಣ್ಣವನು ಎದ್ದು, ಗೆರೆಯನ್ನು ಇನ್ನೊಮ್ಮೆ ಸುತ್ತಿ ಬಂದು, "ಇದು ಬರೀ ತೊಡೆನಾ ಮಾಮಾ?" ಎಂದು ಕೇಳಿದ. ಹೌದು, ಬರೀ ತೊಡೆ.

ಉದ್ದ ಮಾತ್ರ ಅಳೆದರೆ ಸಾಲದು. ಮೂಳೆಯ ನಡುವಿನ ಸುತ್ತಳತೆಯೂ ಬೇಕು, ಏಕೆಂದರೆ ಭಾರ ಹೊರುವುದು ಅದೇ. ಡ್ರೆಡ್‌ನಾಟಸ್‌ನ ತೊಡೆಮೂಳೆಯ ಸುತ್ತಳತೆ 91 ಸೆಂಟಿಮೀಟರ್. ಅಷ್ಟುದ್ದ ಹಗ್ಗ ಕತ್ತರಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿ, ಉಂಗುರದ ಹಾಗೆ ನೆಲದ ಮೇಲೆ ಬಿಡಿ. ಮನೆ ಮುಂದೆ ತೆಂಗಿನ ಮರ ಇದ್ದರೆ ಅದಕ್ಕೂ ಸುತ್ತಿ ನೋಡಿ.

ಒಂದು ಜಾಗ್ರತೆ. ಕಾಲುಗಳ ಲೆಕ್ಕ ಎಲ್ಲ ಪ್ರಾಣಿಗೂ ಒಂದೇ ಇರುವುದಿಲ್ಲ. ಜಿರಾಫಟೈಟನ್‌ನ ತೋಳಿನ ಮೂಳೆ 2.13 ಮೀಟರ್, ಡ್ರೆಡ್‌ನಾಟಸ್‌ನದು 1.6. ಇದರಿಂದ ಜಿರಾಫಟೈಟನ್ನೇ ಭಾರ ಎನ್ನುವಂತಿಲ್ಲ. ಅದರ ಗುಂಪಿಗೆ ಮುಂಗಾಲು ಉದ್ದ, ಅಷ್ಟೇ. ಒಂದೇ ಮೂಳೆಯನ್ನು ನೋಡಿ ಇಡೀ ಪ್ರಾಣಿಯನ್ನು ಅಳೆಯುವುದಾದರೆ, ಒಂದೇ ಕುಟುಂಬದ ಒಳಗೆ ಮಾತ್ರ ಅಳೆಯಿರಿ.

ಹಂತ 4: ಉದ್ದ ಸ್ವಲ್ಪ ಹೆಚ್ಚಿದರೆ ತೂಕ ಎಷ್ಟು ಹೆಚ್ಚುತ್ತದೆ ಎಂದು ಕೈಯಾರೆ ನೋಡಿ

ಲೂಡೋ ಆಟದ ದಾಳ ತೆಗೆದುಕೊಳ್ಳಿ. ಅದರ ಎರಡು ಪಟ್ಟು ಉದ್ದ, ಎರಡು ಪಟ್ಟು ಅಗಲ, ಎರಡು ಪಟ್ಟು ಎತ್ತರದ ದಾಳ ಕಟ್ಟಲು ಎಷ್ಟು ದಾಳ ಬೇಕು? ಮಕ್ಕಳು ನಾಲ್ಕು ಎನ್ನುತ್ತಾರೆ. ಕಟ್ಟಿ ನೋಡಿದರೆ ಎಂಟು ಬೇಕು. ಅಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಅಳತೆ ನೂರಕ್ಕೆ ಹತ್ತು ಪಾಲು ಹೆಚ್ಚಿದರೂ ತೂಕ ನೂರಕ್ಕೆ 33 ಪಾಲು ಹೆಚ್ಚುತ್ತದೆ.

ಇದನ್ನು ಬರ್ಲಿನ್‌ನ ಮೂಳೆಗಳ ಮೇಲೆ ಪ್ರಯೋಗ ಮಾಡಿ. ಆ ಮೂಳೆಗಳು ಈಗಿನ ಟಾಂಜಾನಿಯಾದ ಟೆಂಡಗುರು ಎಂಬ ಗುಡ್ಡದವು. 1909ರಿಂದ 1913ರವರೆಗೆ ಜರ್ಮನ್ನರು ಅಗೆಸಿದರು. ಅಗೆದವರು, ಹೊತ್ತವರು ಅಲ್ಲಿನ ಆಫ್ರಿಕನ್ ಕೂಲಿಯಾಳುಗಳು. ಕಾಲ್ನಡಿಗೆಯಲ್ಲಿ ದಿನಗಟ್ಟಲೆ ನಡೆದು ಲಿಂಡಿ ಬಂದರಿಗೆ ಮುಟ್ಟಿಸಿದರು. ಆ ರಾಶಿಯಲ್ಲಿ ಇನ್ನೊಂದು ಪ್ರಾಣಿಯ ಕಾಲಿನ ಮೂಳೆ ಇದೆ. ನಿಂತಿರುವ ಪ್ರಾಣಿಯಲ್ಲಿ ಆ ಮೂಳೆ 119 ಸೆಂಟಿಮೀಟರ್, ಇದು 134. ಭಾಗಿಸಿದರೆ 1.126. ಅದನ್ನು ಅದರಿಂದಲೇ ಮೂರು ಸಲ ಇಟ್ಟು ಗುಣಿಸಿ: ಸುಮಾರು 1.43. ನಿಂತಿರುವುದು 30 ಟನ್ ಎಂದುಕೊಂಡರೆ ಈ ಅಣ್ಣ 43 ಟನ್! ಮೂಳೆಯಲ್ಲಿ 15 ಸೆಂಟಿಮೀಟರ್ ವ್ಯತ್ಯಾಸಕ್ಕೆ 13 ಟನ್. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಆ ಅಸ್ಥಿಪಂಜರ ತನ್ನ ಜಾತಿಯಲ್ಲಿ ಎಲ್ಲಕ್ಕಿಂತ ದೊಡ್ಡದೇನಲ್ಲ.

ಹಂತ 5: ತೂಕವನ್ನು ಎರಡು ದಾರಿಯಿಂದ ಲೆಕ್ಕ ಹಾಕಿ

ಮೊದಲನೆಯದು ಮೂಳೆಯ ದಾರಿ. ನಾಲ್ಕು ಕಾಲಲ್ಲಿ ನಡೆಯುವ ಪ್ರಾಣಿಗೆ ತೋಳಿನ ಮೂಳೆ ಮತ್ತು ತೊಡೆಮೂಳೆಯ ಸುತ್ತಳತೆ ಗೊತ್ತಿದ್ದರೆ ತೂಕ ಅಂದಾಜು ಮಾಡಬಹುದು. ಕ್ಯಾಂಪಿಯೋನೆ ಮತ್ತು ಇವಾನ್ಸ್ ಎಂಬ ಇಬ್ಬರು 2012ರಲ್ಲಿ ಈಗಿನ ಹಲವಾರು ಪ್ರಾಣಿಗಳನ್ನು ಅಳೆದು ಈ ಸೂತ್ರ ಕೊಟ್ಟರು. ನೋಡಲು ಕಷ್ಟ ಅನ್ನಿಸುತ್ತದೆ, ಫೋನಿನಲ್ಲಿ ಅರ್ಧ ನಿಮಿಷದ ಕೆಲಸ.

ಡ್ರೆಡ್‌ನಾಟಸ್ ತೆಗೆದುಕೊಳ್ಳೋಣ. ತೋಳಿನ ಮೂಳೆಯ ಸುತ್ತಳತೆ 785 ಮಿಲಿಮೀಟರ್. ತೊಡೆಮೂಳೆಯದು 910. ಕೂಡಿಸಿ: 1695. ಕ್ಯಾಲ್ಕುಲೇಟರ್‌ನ ಸೈಂಟಿಫಿಕ್ ಬಟನ್‌ಗಳನ್ನು ತೆರೆದು 1695ರ ಘಾತ 2.749 ಎಂದು ಒತ್ತಿ. ಸುಮಾರು 75.3 ಕೋಟಿ ಬರುತ್ತದೆ. ಅದನ್ನು 0.0787ರಿಂದ ಗುಣಿಸಿ. 5.93 ಕೋಟಿ ಗ್ರಾಂ. ಅಂದರೆ 59,300 ಕೆ.ಜಿ., 59.3 ಟನ್. 2014ರಲ್ಲಿ ಪತ್ರಿಕೆಗಳೆಲ್ಲ ಅಚ್ಚು ಮಾಡಿದ ಸಂಖ್ಯೆ ಇದೇ. ಈಗ ಅದು ನಿಮ್ಮ ಕೈಯಲ್ಲೇ ಹುಟ್ಟಿತು. ಈ ಸೂತ್ರಕ್ಕೆ ನೂರಕ್ಕೆ 25 ಪಾಲು ಆಚೀಚೆ ಆಗುವ ಸ್ವಭಾವ ಇದೆ. ಹಾಗಾಗಿ ನಿಜವಾದ ಉತ್ತರ "44ರಿಂದ 74 ಟನ್ ನಡುವೆ ಎಲ್ಲೋ".

ಜಿರಾಫಟೈಟನ್‌ಗೂ ಮಾಡಿ. 654 ಮತ್ತು 730, ಕೂಡಿದರೆ 1384. ಅದೇ ಲೆಕ್ಕ. 34 ಟನ್ ಬರಬೇಕು. ಬರದಿದ್ದರೆ ಎಲ್ಲೋ ಸೊನ್ನೆ ತಪ್ಪಿದೆ, ಮತ್ತೆ ಒತ್ತಿ.

ಎರಡನೆಯದು ನೀರಿನ ದಾರಿ. ಮಕ್ಕಳಿಗೆ ಇದೇ ಇಷ್ಟ. ಬಕೆಟ್ಟನ್ನು ಟಬ್ ಒಳಗಿಟ್ಟು, ಅಂಚಿನವರೆಗೆ ತುಳುಕುವಂತೆ ನೀರು ತುಂಬಿ. ಆಟಿಕೆಯನ್ನು ಮೆಲ್ಲಗೆ ಪೂರ್ತಿ ಮುಳುಗಿಸಿ. ತೇಲಿದರೆ ತೆಳುವಾದ ಕಡ್ಡಿಯಿಂದ ಒತ್ತಿ ಹಿಡಿಯಿರಿ, ಕೈಬೆರಳು ನೀರಿಗೆ ಹೋದರೆ ಅದರ ಗಾತ್ರವೂ ಸೇರಿಬಿಡುತ್ತದೆ. ಟಬ್‌ಗೆ ಚೆಲ್ಲಿದ ನೀರನ್ನು ಅಳೆಯಿರಿ. ನಮ್ಮ ಮೊದಲ ಪ್ರಯತ್ನ ಹಾಳಾಯಿತು. ಆಟಿಕೆಯ ಹೊಟ್ಟೆಯ ಕೆಳಗೆ ಸಣ್ಣ ತೂತಿತ್ತು, ನೀರು ಒಳಗೆ ಹೋಯಿತು, ಹೊರಗೆ ಚೆಲ್ಲಿದ್ದು ಒಂದು ಲೋಟವೂ ಇಲ್ಲ. ತೂತಿಗೆ ಮೇಣ ಅಥವಾ ಟೇಪ್ ಹಾಕಿ ಮುಚ್ಚಿ.

ಲೆಕ್ಕ ಹೀಗೆ. ಆಟಿಕೆಯ ಉದ್ದ 56 ಸೆಂಟಿಮೀಟರ್ ಇದೆ ಎನ್ನಿ. ಪ್ರಾಣಿ 22.5 ಮೀಟರ್. ಅಂದರೆ ಆಟಿಕೆ ಅದರ 40ನೇ ಒಂದು ಪಾಲು. ಹಂತ 4ರ ದಾಳ ನೆನಪಿದೆಯಲ್ವಾ? 40ನ್ನು ಮೂರು ಸಲ ಇಟ್ಟು ಗುಣಿಸಬೇಕು: 64,000. ಚೆಲ್ಲಿದ ನೀರು 550 ಮಿಲಿಲೀಟರ್ ಆದರೆ, 0.55 ಗುಣಿಸು 64,000, ಅಂದರೆ 35,200 ಲೀಟರ್. ಪ್ರಾಣಿ ಪೂರ್ತಿ ನೀರಿನಷ್ಟೇ ಭಾರ ಇದ್ದಿದ್ದರೆ 35 ಟನ್. ಆದರೆ ಸಾರೋಪಾಡ್‌ಗಳ ಮೈಯೊಳಗೆ ಹಕ್ಕಿಗಳಿಗಿರುವಂತೆ ಗಾಳಿಚೀಲಗಳಿದ್ದವು. ಕುತ್ತಿಗೆಯ ಮಣಿಗಳನ್ನು ಸೀಳಿ ನೋಡಿದರೆ ಜೇನುಗೂಡಿನ ಹಾಗೆ ಕೋಣೆಕೋಣೆ. ಅರ್ಧಕ್ಕಿಂತ ಜಾಸ್ತಿ ಬರೀ ಗಾಳಿ. ಅಷ್ಟುದ್ದ ಕುತ್ತಿಗೆಯನ್ನು ಎತ್ತಿ ಹಿಡಿಯಲು ಆದದ್ದೇ ಅದರಿಂದ. ಆದ್ದರಿಂದ 0.8ರಿಂದ ಗುಣಿಸಿ. 28 ಟನ್.

ಕೋಲ್ಬರ್ಟ್ 1962ರಲ್ಲಿ ಮಾಡಿದ್ದೂ ಇಂಥದ್ದೇ ಕೆಲಸ, ನೀರಿನ ಬದಲು ಮರಳು ಬಳಸಿದ್ದರು. ಆದರೆ ಅವರ ಮಾದರಿ ತುಂಬಾ ದಪ್ಪ. ಅದಕ್ಕೇ 78 ಟನ್ ಬಂತು. ಅಂಗಡಿಯಲ್ಲಿ ಸಿಗುವ ಆಟಿಕೆಗಳೂ ಸಾಮಾನ್ಯವಾಗಿ ಹೊಟ್ಟೆ ಬೆಳೆಸಿಕೊಂಡಿರುತ್ತವೆ. ಅಸ್ಥಿಪಂಜರದ ಫೋಟೋ ಪಕ್ಕದಲ್ಲಿಟ್ಟು, ಎದೆಗೂಡಿನ ಆಳ ಹೊಂದುತ್ತದೆಯೇ ಎಂದು ನೋಡಿಯೇ ಕೊಳ್ಳಿ.

ಎರಡು ದಾರಿ ಎರಡು ಉತ್ತರ ಕೊಟ್ಟರೆ ಗಾಬರಿ ಬೇಡ. ವಿಜ್ಞಾನಿಗಳಿಗೂ ಹಾಗೇ ಆಗುತ್ತದೆ. ಡ್ರೆಡ್‌ನಾಟಸ್‌ಗೆ ಮೂಳೆಯ ದಾರಿ 59 ಟನ್ ಕೊಟ್ಟಿತು. 2015ರಲ್ಲಿ ಇನ್ನೊಂದು ತಂಡ ಅಸ್ಥಿಪಂಜರದ ಸುತ್ತ ಮೈ ತುಂಬಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 22ರಿಂದ 38 ಟನ್ ಅಷ್ಟೇ ಎಂದಿತು. 59 ಟನ್ ತುಂಬಿಸಬೇಕಾದರೆ ಆ ಮೂಳೆಗಳ ಸುತ್ತ ನಂಬಲಾಗದಷ್ಟು ಮಾಂಸ ಮೆತ್ತಬೇಕು ಎಂಬುದು ಅವರ ವಾದ. ನನಗೆ ಈ ವಾದದಲ್ಲಿ ಹುರುಳಿದೆ ಎನ್ನಿಸುತ್ತದೆ. ಪೂರ್ತಿ ಅಸ್ಥಿಪಂಜರ ಇದ್ದಾಗ ಮೈಯ ಲೆಕ್ಕವನ್ನು ನಂಬಿ. ಎರಡೇ ಮೂಳೆ ಇದ್ದಾಗ ಮೂಳೆಯ ಲೆಕ್ಕವೇ ಗತಿ. ಹೋಲಿಸುವಾಗ ಮಾತ್ರ ಒಂದು ಪ್ರಾಣಿಗೆ ಒಂದು ದಾರಿ, ಇನ್ನೊಂದಕ್ಕೆ ಇನ್ನೊಂದು ದಾರಿ ಹಿಡಿಯಬೇಡಿ.

ಟನ್ ಎಂದರೆ ಮಕ್ಕಳಿಗೆ ಅಂದಾಜು ಸಿಗುವುದಿಲ್ಲ. ಮೈಸೂರು ದಸರಾಕ್ಕೆ ಮುಂಚೆ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರಲ್ಲ, ಅದನ್ನು ನೆನಪಿಸಿ. ಅಂಬಾರಿ ಹೊತ್ತ ಅಭಿಮನ್ಯು 5 ಟನ್ ಆಸುಪಾಸು. 30 ಟನ್‌ನ ಜಿರಾಫಟೈಟನ್ ಆರು ಅಭಿಮನ್ಯು.

ಹಂತ 6: ಮೈದಾನಕ್ಕಿಳಿಯಿರಿ

ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ. ಕ್ರಿಕೆಟ್ ಪಿಚ್ ಇರುವ ಮೈದಾನವಾದರೆ ಅರ್ಧ ಕೆಲಸ ಮುಗಿದ ಹಾಗೆ. ಎರಡು ಕಡೆಯ ಸ್ಟಂಪ್‌ಗಳ ನಡುವೆ 20.12 ಮೀಟರ್.

ಒಂದು ಕಡೆಯ ಸ್ಟಂಪ್ ಹತ್ತಿರ ಎಲ್ಲ ಪ್ರಾಣಿಗಳ ಮೂಗು ಬರಲಿ. ಅಲ್ಲಿಂದ ಪಕ್ಕಪಕ್ಕ, ಎರಡೆರಡು ಹೆಜ್ಜೆ ಬಿಟ್ಟು ಗೆರೆ ಎಳೆಯಿರಿ. ಜಿರಾಫಟೈಟನ್ 22.5 ಮೀಟರ್, ಪಿಚ್ ದಾಟಿ ಸ್ವಲ್ಪ ಮುಂದೆ. ಡಿಪ್ಲೊಡೋಕಸ್ 26. ಪಟಗೋಟೈಟನ್ 31, ಪಿಚ್ಚಿನ ಒಂದೂವರೆ ಪಟ್ಟು. ಡಿಪ್ಲೊಡೋಕಸ್‌ನ ನೆಂಟ ಸೂಪರ್‌ಸಾರಸ್ 33, ಕೆಲವರು ಅದನ್ನು ಇನ್ನೂ ಉದ್ದ ಎಳೆಯುತ್ತಾರೆ. ಗೆರೆಗಳ ಮೇಲೆ ಕುತ್ತಿಗೆ ಮುಗಿಯುವ ಜಾಗಕ್ಕೆ ಒಂದು ಕಲ್ಲಿಡಿ. ಜಿರಾಫಟೈಟನ್‌ಗೆ ತಲೆಯಿಂದ 8.5 ಮೀಟರಿನ ಹತ್ತಿರ, ಡಿಪ್ಲೊಡೋಕಸ್‌ಗೆ 6.5ರ ಹತ್ತಿರ. ಈಗ ಉದ್ದದ ಪ್ರಾಣಿಗೆ ಗಿಡ್ಡ ಕುತ್ತಿಗೆ, ಗಿಡ್ಡ ಪ್ರಾಣಿಗೆ ಉದ್ದ ಕುತ್ತಿಗೆ ಎಂಬುದು ಕಣ್ಣಿಗೇ ಕಾಣುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ನನಗೆ ಇದು ತಲೆಗೆ ಹೋಗಿದ್ದು ಆ ಎರಡು ಕಲ್ಲು ನೋಡಿದ ಮೇಲೆ.

ಪಟಗೋಟೈಟನ್ ಗೆರೆಯ ಬಗ್ಗೆ ಒಂದು ಮಾತು. ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 2016ರಿಂದ ನಿಂತಿರುವ ಅದರ ಫೈಬರ್ ಪ್ರತಿಕೃತಿ 37 ಮೀಟರ್ ಇದೆ. ಹಾಲಿನಲ್ಲಿ ಹಿಡಿಸದೆ ತಲೆ ಬಾಗಿಲಿನಿಂದ ಆಚೆ ಬಂದಿದೆ. 2017ರಲ್ಲಿ ಹೆಸರಿಟ್ಟವರು ಹೇಳಿದ್ದೂ 37 ಮೀಟರ್, 69 ಟನ್. ಆಮೇಲಿನ ಲೆಕ್ಕಗಳು ಸುಮಾರು 31 ಮೀಟರ್, 50ರಿಂದ 57 ಟನ್‌ಗೆ ಬಂದಿವೆ. ಬೇಕಿದ್ದರೆ 37ರವರೆಗೆ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆಯಿರಿ. ಊಹೆಗೆ ಚುಕ್ಕಿ, ಮೂಳೆ ಸಿಕ್ಕಿದ್ದಕ್ಕೆ ತುಂಬು ಗೆರೆ. ಈ ಪದ್ಧತಿ ಇಟ್ಟುಕೊಂಡರೆ ಅರ್ಜೆಂಟೀನೋಸಾರಸ್ ಗೆರೆ ತುದಿಯಿಂದ ತುದಿವರೆಗೆ ಚುಕ್ಕಿಯೇ. ನಡುವೆ ಒಂದೆರಡು ಮೀಟರ್ ಮಾತ್ರ ತುಂಬು.

ಹಂತ 7: ಸಂಖ್ಯೆಯ ಪಕ್ಕ ಅದರ ಜಾತಕ ಬರೆಯಿರಿ

ನಮ್ಮ ನೋಟ್‌ಬುಕ್ಕಿನ ಒಂದೆರಡು ಸಾಲು ಹೀಗಿವೆ:

ಪಟಗೋಟೈಟನ್. ಅರ್ಜೆಂಟೀನಾದ ಚುಬುಟ್. ಸುಮಾರು 10 ಕೋಟಿ ವರ್ಷ ಹಿಂದೆ. ಕನಿಷ್ಠ 6 ಪ್ರಾಣಿಗಳ ಮೂಳೆ. ಗುರುತು: ಅರ್ಧ. ತೊಡೆಮೂಳೆ 2.38 ಮೀ. ತೂಕ 50–57 ಟನ್. ಹನ್ನೊಂದು ಅಭಿಮನ್ಯು.

ಅರ್ಜೆಂಟೀನೋಸಾರಸ್. 1993ರಲ್ಲಿ ಹೆಸರು. ಗುರುತು: ತುಣುಕು. ಮಣಿ 1.59 ಮೀ. ತೂಕ 65–80 ಟನ್, ಚುಕ್ಕಿ ಗೆರೆ.

ನನ್ನನ್ನು ಕೇಳಿದರೆ, ಅಳೆಯಲು ಮೂಳೆಯಾದರೂ ಇರುವ ದೈತ್ಯರಲ್ಲಿ ತೂಕಕ್ಕೆ ಅರ್ಜೆಂಟೀನೋಸಾರಸ್ ಮುಂದೆ, ಪಟಗೋಟೈಟನ್ ಅದರ ಹಿಂದೆಯೇ. ಉದ್ದಕ್ಕೆ ಸೂಪರ್‌ಸಾರಸ್. ಕುತ್ತಿಗೆಗೆ ಮಾಮೆಂಚಿಸಾರಸ್. ಇವು ಯಾವುವೂ 150 ಟನ್ ಮೀರಿ ಬೆಳೆಯುವ ನೀಲಿ ತಿಮಿಂಗಿಲವನ್ನು ತೂಕದಲ್ಲಿ ಮುಟ್ಟುವುದಿಲ್ಲ. ಆದರೆ ತಿಮಿಂಗಿಲವನ್ನು ನೀರು ಹೊರುತ್ತದೆ. ಇವು ತಮ್ಮ ಕಾಲಿನ ಮೇಲೆ ನಿಂತಿದ್ದವು.

ಬೃಹತ್‌ಕಾಯೋಸಾರಸ್ ಅನ್ನು ಯಾವ ಪುಟದಲ್ಲಿ ಬರೆಯುವುದು?

ಈ ಪ್ರಶ್ನೆ ನಮ್ಮವರಿಂದ ಬಂದೇ ಬರುತ್ತದೆ, ಬರಬೇಕು ಕೂಡ. ಹೆಸರೇ ನಮ್ಮ ಕಿವಿಗೆ ಅರ್ಥವಾಗುವಂಥದ್ದು: ಬೃಹತ್ ಕಾಯ. ತಮಿಳುನಾಡಿನ ಅರಿಯಲೂರು ಕಡೆಯ ಕಲ್ಲಮೇಡು ಎಂಬ ಊರಿನ ಹತ್ತಿರ ಸಿಕ್ಕಿದ್ದು. ಭೂವಿಜ್ಞಾನಿಗಳು ಆ ಪ್ರದೇಶವನ್ನು ಕಾವೇರಿ ಜಲಾನಯನ ಪ್ರದೇಶ ಎಂದೇ ಕರೆಯುತ್ತಾರೆ. ಕೊಡಗಿನಲ್ಲಿ ಹುಟ್ಟುವ ನಮ್ಮ ಕಾವೇರಿಯ ಕೆಳಗಿನ ದಾರಿ. ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಇಬ್ಬರು 1987ರಲ್ಲಿ ಹೆಸರಿಟ್ಟರು. ಮೊದಲು ಮಾಂಸ ತಿನ್ನುವ ಡೈನೋಸಾರ್ ಅಂದುಕೊಂಡಿದ್ದರು. ಆಮೇಲೆ ಸಾರೋಪಾಡ್ ಎಂದಾಯಿತು.

ಮೊಣಕಾಲಿನ ಕೆಳಗಿನ ಮೂಳೆಯೇ 2 ಮೀಟರ್. ಅರ್ಜೆಂಟೀನೋಸಾರಸ್‌ನಲ್ಲಿ ಅದರ ಪಕ್ಕದ ಮೂಳೆ 1.55. ಹಂತ 4ರ ಲೆಕ್ಕ ಹಾಕಿ ನೋಡಿ. 2ನ್ನು 1.55ರಿಂದ ಭಾಗಿಸಿದರೆ 1.29. ಮೂರು ಸಲ ಗುಣಿಸಿದರೆ 2.15. ಅರ್ಜೆಂಟೀನೋಸಾರಸ್ 70 ಟನ್ ಎಂದರೆ ಇದು 150 ಟನ್! 2023ರಲ್ಲಿ ಗ್ರೆಗರಿ ಪಾಲ್ ಮತ್ತು ಲರಮೆಂಡಿ 110ರಿಂದ 170 ಟನ್ ಎಂದು ಹೇಳಿದ್ದು ಹೀಗೆಯೇ ಹೋಲಿಸಿ. ನಿಜವಾಗಿದ್ದರೆ ತಿಮಿಂಗಿಲದ ಸಾಲಿಗೆ ನಿಲ್ಲುವ ಪ್ರಾಣಿ.

ದುಃಖದ ಸಂಗತಿ ಎಂದರೆ ಮೂಳೆ ಈಗ ಇಲ್ಲ. ಆ ಮಣ್ಣಿನ ಪಳೆಯುಳಿಕೆಗಳು ಬಹಳ ಮೆತ್ತಗೆ. ಪುಡಿಯಾಗಿ ಹೋದವು. ಉಳಿದದ್ದು ಮೊದಲ ಬರಹದ ಅಳತೆಗಳು, ಕೆಲವು ರೇಖಾಚಿತ್ರ, ಮತ್ತು 2022ರಲ್ಲಿ ಹೊರಬಂದ ಆ ಕಾಲದ ಫೋಟೋಗಳು. ಹೀಗಾಗಿ ನಾವು ಅದಕ್ಕೆ ಬೇರೆಯೇ ಪುಟ ಇಟ್ಟಿದ್ದೇವೆ. ಮಾರಾಪುನಿಸಾರಸ್ ಪಕ್ಕದಲ್ಲಿ. ಹೆಮ್ಮೆಯಿಂದ ಪಟ್ಟಿಯ ತುದಿಗೆ ಏರಿಸಲು ನನಗೂ ಆಸೆ. ಆದರೆ ಟೇಪು ಹಿಡಿಯಲು ಅಲ್ಲಿ ಮೂಳೆ ಇಲ್ಲ.

ಕರ್ನಾಟಕದಲ್ಲೇ ಯಾಕೆ ಸಿಗಬಾರದು ಎಂದೂ ಮಕ್ಕಳು ಕೇಳುತ್ತಾರೆ. ಮೂಳೆ ಉಳಿಯಬೇಕಾದರೆ ಆ ಕಾಲದ ಕೆಸರು, ಮರಳು ಕಲ್ಲಾಗಿ ಉಳಿದಿರಬೇಕು. ನಮ್ಮ ನೆಲದ ಬಹುಪಾಲು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯ, 250 ಕೋಟಿ ವರ್ಷ ದಾಟಿದ ಬಂಡೆ. ಉತ್ತರದ ಕಡೆ ಅದರ ಮೇಲೆ ಲಾವಾ ಹಾಸಿದೆ.

ಹತ್ತಿರದಲ್ಲಿ ನೋಡಬೇಕೆಂದರೆ

ನಮಗೆ ಹತ್ತಿರ ಹೈದರಾಬಾದ್. ಅಲ್ಲಿನ ಬಿರ್ಲಾ ಸೈನ್ಸ್ ಮ್ಯೂಸಿಯಂನಲ್ಲಿ ಕೋಟಸಾರಸ್ ಅಸ್ಥಿಪಂಜರ ನಿಂತಿದೆ. ತೆಲಂಗಾಣದ ಯಮನಪಲ್ಲಿಯಲ್ಲಿ ಸಿಕ್ಕಿದ್ದು, ಹೆಸರಿಟ್ಟವರು ಅದೇ ಯಾದಗಿರಿ. ದೈತ್ಯರ ಲೆಕ್ಕದಲ್ಲಿ ಇದು ಚಿಕ್ಕದು.

ಕೋಲ್ಕತ್ತಾಕ್ಕೆ ಹೋದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಭೂವಿಜ್ಞಾನ ಮ್ಯೂಸಿಯಂನಲ್ಲಿ ಬಾರಾಪಾಸಾರಸ್ ಟಾಗೋರಿ ಇದೆ. ಬಂಗಾಳಿಯಲ್ಲಿ ಬಾರಾ ಪಾ ಎಂದರೆ ದೊಡ್ಡ ಕಾಲು. ಟಾಗೋರಿ ಎನ್ನುವುದು ರವೀಂದ್ರನಾಥ ಟಾಗೋರರ ನೆನಪಿಗೆ. ಮಹಾರಾಷ್ಟ್ರದ ಸಿರೋಂಚಾ ಕಡೆ ಸುಮಾರು 300 ಮೂಳೆಗಳು ಸಿಕ್ಕಿದ್ದವು, ಕನಿಷ್ಠ ಆರು ಪ್ರಾಣಿಗಳದ್ದು. ಉದ್ದ ಸುಮಾರು 14 ಮೀಟರ್. ತಲೆಯ ಮೂಳೆ ಮಾತ್ರ ಸಿಗಲಿಲ್ಲ.

ಅಲ್ಲಿಗೆ ಹೋಗುವಾಗ 1.7 ಮೀಟರಿಗೆ ಒಂದು, 2.38 ಮೀಟರಿಗೆ ಒಂದು ಗಂಟು ಹಾಕಿದ ದಾರ ಜೇಬಿನಲ್ಲಿರಲಿ. ಮೂಳೆ ಮುಟ್ಟಬೇಡಿ. ಹಿಂಗಾಲಿನ ಎದುರು, ಕಟಕಟೆಯ ಈಚೆ ನಿಂತು, ಮಗುವಿನ ಕೈಗೆ ದಾರದ ಮೇಲಿನ ತುದಿ ಕೊಟ್ಟು ನೀವು ಕೆಳಗಿನ ತುದಿ ನೆಲಕ್ಕೆ ಹಿಡಿಯಿರಿ. ಮೊದಲ ಗಂಟು ನಿಮ್ಮ ಎದುರಿಗಿರುವ ತೊಡೆ. ಎರಡನೆಯ ಗಂಟು ಪಟಗೋಟೈಟನ್‌ನದು. ಅದಕ್ಕೆ ಮಗುವನ್ನು ಹೆಗಲ ಮೇಲೆ ಎತ್ತಿಕೊಳ್ಳಬೇಕಾಗುತ್ತದೆ.